ನಿಮ್ಮ ಮನೆಯ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್?

ಟ್ರಾನ್ಸ್‌ಫಾರ್ಮರಿನ, ಅಂದರೆ ಟಿಸಿಯ, ಪಕ್ಕದ ಮನೆಯವರು ಬಲ್ಬುಗಳು ಬಾಳಿಕೆ ಬರುವುದಿಲ್ಲ ಎಂದು ದೂರುತ್ತಾರೆ. ಅದೇ ಲೈನಿನ ಕೊನೆಯ ಕಂಬದ ಮನೆಯಲ್ಲಿ ಫ್ರಿಜ್ಜಿನ ಕಂಪ್ರೆಸರ್ ಸುಟ್ಟಿರುತ್ತದೆ, ಬಾವಿಯ ಮೋಟರ್ ವೈಂಡಿಂಗಿಗೆ ಹೋಗಿರುತ್ತದೆ. ಇಬ್ಬರ ಸಿಟ್ಟೂ ತಿರುಗುವುದು ತಯಾರಿಸಿದ ಕಂಪನಿಯ ಮೇಲೆ, ಇಲ್ಲವೇ ಮಾರಿದ ಅಂಗಡಿಯವರ ಮೇಲೆ. ಮಾರುಕಟ್ಟೆಯಲ್ಲಿ ಕಳಪೆ ಮಾಲು ಇಲ್ಲವೆಂದಲ್ಲ. ಆದರೆ ಒಂದೇ ಮನೆಯಲ್ಲಿ ಮತ್ತೆ ಮತ್ತೆ ಏನಾದರೊಂದು ಸುಡುತ್ತಿದ್ದರೆ, ಬೇರೆ ಬೇರೆ ಕಂಪನಿಗಳ ವಸ್ತುಗಳಿಗೂ ಅದೇ ಗತಿಯಾಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಆ ಮನೆಗೆ ಬರುವ ವೋಲ್ಟೇಜನ್ನು. ಟಿಸಿ ಪಕ್ಕದವರಿಗೆ ಅದು ಹೆಚ್ಚು, ಕೊನೆಯ ಕಂಬದವರಿಗೆ ಕಡಿಮೆ. ಎರಡೂ ನಷ್ಟವೇ. ಆದರೆ ಹೆಚ್ಚಾದಾಗ ಸಾಯುವ ವಸ್ತುಗಳು ಬೇರೆ, ಕಡಿಮೆಯಾದಾಗ ಸಾಯುವ ವಸ್ತುಗಳು ಬೇರೆ.

ನಮ್ಮ ಮನೆಗಳಿಗೆ ಬರಬೇಕಾದ ವೋಲ್ಟೇಜ್ 230. ಯಾವ ಲೈನಿನಲ್ಲೂ ಅದು ದಿನವಿಡೀ 230ರಲ್ಲೇ ನಿಂತಿರಲು ಸಾಧ್ಯವಿಲ್ಲ ಎಂಬುದು ನಿಯಮ ಮಾಡಿದವರಿಗೂ ಗೊತ್ತಿತ್ತು. ಅದಕ್ಕೇ 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಬಳಕೆಯ ಲೈನಿಗೆ ಶೇಕಡಾ 6ರಷ್ಟು ಏರಿಳಿತದ ಅವಕಾಶ ಕೊಟ್ಟವು. ಕರ್ನಾಟಕದಲ್ಲಿ ಇಂದಿಗೂ ಲೆಕ್ಕಕ್ಕೆ ಹಿಡಿಯುವ ಅಳತೆ ಅದೇ. ಅಂದರೆ 216ರಿಂದ 244ರ ನಡುವೆ ಎಲ್ಲಿದ್ದರೂ ಅದು ಸರಿಯಾದ ವೋಲ್ಟೇಜ್. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಏರಿಳಿತ ಎಲ್ಲಿಂದ ಹುಟ್ಟುತ್ತದೆ? ಊರಿನ ಟಿಸಿಗೆ 11,000 ವೋಲ್ಟಿನ ಲೈನ್ ಬರುತ್ತದೆ. ಟಿಸಿ ಅದನ್ನು 433 ವೋಲ್ಟಿಗೆ ಇಳಿಸುತ್ತದೆ. ಮೂರು ಫೇಸುಗಳ ನಡುವೆ 433 ಇದ್ದರೆ ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಇರುವುದು 250. ಹಾದಿಯಲ್ಲಿ ಒಂದಿಷ್ಟು ಕಳೆದುಹೋಗುತ್ತದೆ ಎಂದು ಗೊತ್ತಿದ್ದೇ ಇಷ್ಟು ಹೆಚ್ಚಿಗೆ ಇಟ್ಟಿರುತ್ತಾರೆ. ಹಾಗಾಗಿ ಬಳಕೆ ಕಡಿಮೆಯಿರುವ ಹೊತ್ತಿನಲ್ಲಿ, ಮೇಲಿನ ಲೈನಿನಲ್ಲಿ 11,000 ಪೂರ್ತಿ ಬರುತ್ತಿದ್ದರೆ, ಟಿಸಿ ಪಕ್ಕದ ಮನೆಗೆ 245, 250 ಸಿಗುವುದು ಆಶ್ಚರ್ಯವಲ್ಲ.

ಇನ್ನು ಕೊನೆಯ ಕಂಬದ ಲೆಕ್ಕ. ಹಳ್ಳಿಯ ಲೈನುಗಳಲ್ಲಿ ಸಾಮಾನ್ಯವಾಗಿ ಕಾಣುವ ತೆಳ್ಳಗಿನ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ ಸುಮಾರು 0.9 ಓಮ್ ರೋಧ. ಟಿಸಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಮೂರು ಮನೆಗಳಿವೆ, ಮೂರೂ ಒಂದೇ ಫೇಸಿನಲ್ಲಿವೆ ಎನ್ನಿ. ಬೆಳಗಿನ ಸ್ನಾನದ ಹೊತ್ತಿಗೆ ಮೂರು ಮನೆಯವರೂ 3 ಕಿಲೋವಾಟಿನ ಗೀಸರ್ ಹಾಕಿದರೆ ಸುಮಾರು 35ರಿಂದ 40 ಆಂಪಿಯರ್ ಹರಿಯುತ್ತದೆ. ಕರೆಂಟು ಹೋಗಿಬರುವ ಎರಡೂ ತಂತಿಗಳಲ್ಲಿ ಸೇರಿ 35 ವೋಲ್ಟಿನಷ್ಟು ತಂತಿಯಲ್ಲೇ ಕರಗುತ್ತದೆ. ಟಿಸಿಯಲ್ಲಿ 250 ಇದ್ದದ್ದು ಮನೆಯಲ್ಲಿ 216ರ ಅಂಚಿಗೆ ಬಂದು ನಿಲ್ಲುತ್ತದೆ. ಇದೇ ಮನೆಗಳು ಒಂದು ಕಿಲೋಮೀಟರ್ ದೂರದಲ್ಲಿದ್ದರೆ ಸಿಗುವುದು 190ರ ಆಸುಪಾಸು. ಇದು ಬರೀ ಮೂರು ಗೀಸರಿನ ಲೆಕ್ಕ. ಅದೇ ಲೈನಿನಲ್ಲಿ ಹಿಟ್ಟಿನ ಗಿರಣಿ, ಪಂಪ್‌ಸೆಟ್ಟುಗಳು ಸೇರಿದರೆ ಸಂಜೆಗೆ 160, 170 ಏಕೆ ಕಾಣುತ್ತದೆ ಎಂಬುದು ತಿಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಒಯ್ದವರು ಹತ್ತಾರು ಸಾವಿರ ವೋಲ್ಟಿನ ಲೈನ್ ಎಳೆದದ್ದು ಈ ಕಾರಣಕ್ಕೇ. ವೋಲ್ಟೇಜ್ ಹೆಚ್ಚಿದ್ದಷ್ಟೂ ಅಷ್ಟೇ ಶಕ್ತಿಗೆ ಹರಿಯಬೇಕಾದ ಕರೆಂಟು ಕಡಿಮೆ, ತಂತಿಯಲ್ಲಿ ಆಗುವ ನಷ್ಟವೂ ಕಡಿಮೆ. ದೂರಕ್ಕೆ ಒಯ್ಯಬೇಕಾದದ್ದು 11,000 ವೋಲ್ಟಿನ ಲೈನನ್ನು. ಮನೆಯ ವೋಲ್ಟೇಜಿನ ಲೈನ್ ಗಿಡ್ಡವಾಗಿರಬೇಕು. ನಮ್ಮ ಊರುಗಳಲ್ಲಿ ಹೊಸ ಮನೆ ಬಂದಂತೆಲ್ಲ ಕಂಬದ ಮೇಲೆ ಕಂಬ ಸೇರಿಸಿ ಈ ಗಿಡ್ಡ ಲೈನನ್ನೇ ಉದ್ದ ಮಾಡುತ್ತ ಬಂದದ್ದು ಮೂಲ ತೊಂದರೆ.

ವೋಲ್ಟೇಜಿಗೂ ಆಯಸ್ಸಿಗೂ ಇರುವ ನಂಟನ್ನು ಹಳೆಯ ಬುರುಡೆ ಬಲ್ಬಿನಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಇನ್ನೊಂದಿಲ್ಲ. ಈಗ ಅದು ಮೂಲೆ ಸೇರಿದೆ, ಆದರೂ ಅದರ ಕಥೆಯಲ್ಲಿ ಕಲಿಯುವುದು ಬಹಳ ಇದೆ. ಅದರೊಳಗಿನ ಟಂಗ್‌ಸ್ಟನ್ ತಂತಿ ಬೆಳಗುವಾಗ ಅದರ ಬಿಸಿ 2,500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಟಂಗ್‌ಸ್ಟನ್ ಕರಗುವುದು 3,400 ಡಿಗ್ರಿಯ ಮೇಲೆ, ಆದ್ದರಿಂದ ತಂತಿ ಕರಗುವುದಿಲ್ಲ. ಆದರೆ ಅಷ್ಟು ಕಾವಿನಲ್ಲಿ ಅದು ಅಣು ಅಣುವಾಗಿ ಆವಿಯಾಗುತ್ತಿರುತ್ತದೆ. ಹಳೆಯ ಬಲ್ಬಿನ ಗಾಜಿನೊಳಗೆ ಕಪ್ಪು ಮಸಿಯಂತೆ ಅಂಟಿಕೊಳ್ಳುತ್ತಿದ್ದದ್ದು ಹೀಗೆ ಆವಿಯಾದ ಟಂಗ್‌ಸ್ಟನ್ನೇ. ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1913ರ ಹೊತ್ತಿಗೆ ಬಲ್ಬಿನೊಳಗೆ ಗಾಳಿ ತೆಗೆದು ಖಾಲಿ ಬಿಡುವ ಬದಲು ಜಡ ಅನಿಲ ತುಂಬಿಸಿ ಈ ಆವಿಯಾಗುವಿಕೆಯನ್ನು ನಿಧಾನಗೊಳಿಸಿದರು, ನಿಲ್ಲಿಸಲು ಆಗಲಿಲ್ಲ. ತಂತಿಯ ಯಾವುದೋ ಒಂದು ಕಡೆ ಸ್ವಲ್ಪ ತೆಳುವಾದರೆ ಅಲ್ಲಿ ರೋಧ ಹೆಚ್ಚಿ, ಬಿಸಿ ಹೆಚ್ಚಿ, ಇನ್ನೂ ಬೇಗ ಆವಿಯಾಗಿ, ಕೊನೆಗೆ ಅಲ್ಲೇ ತುಂಡಾಗುತ್ತದೆ. ಸ್ವಿಚ್ ಹಾಕಿದ ಗಳಿಗೆಯಲ್ಲೇ ಬಲ್ಬ್ ಹೋಗುವುದು ಏಕೆಂದರೆ, ತಣ್ಣಗಿನ ತಂತಿಯ ರೋಧ ಬಿಸಿಯಾದಾಗಿನದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೊದಲ ಕ್ಷಣದಲ್ಲಿ ನುಗ್ಗುವ ಕರೆಂಟು ಹತ್ತು ಪಟ್ಟು ಮೀರುತ್ತದೆ, ಸವೆದ ಜಾಗ ಅದನ್ನು ತಾಳುವುದಿಲ್ಲ.

ಕಾವು ಸ್ವಲ್ಪ ಏರಿದರೂ ಆವಿಯಾಗುವ ವೇಗ ವಿಪರೀತ ಏರುತ್ತದೆ. ಆದ್ದರಿಂದ ಬಲ್ಬಿನ ಆಯಸ್ಸು ವೋಲ್ಟೇಜಿನ ಸುಮಾರು 13ನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂದು ತಯಾರಕರು ಲೆಕ್ಕ ಹಿಡಿಯುತ್ತಿದ್ದರು. ಗಣಿತ ಬೇಡವೆನ್ನುವವರು ಇಷ್ಟು ತಿಳಿದರೆ ಸಾಕು: ವೋಲ್ಟೇಜ್ ಶೇಕಡಾ 5ರಷ್ಟು ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. 230 ವೋಲ್ಟಿಗೆ ಮಾಡಿದ ಸಾವಿರ ಗಂಟೆಯ ಬಲ್ಬನ್ನು 250ರಲ್ಲಿ ಉರಿಸಿದರೆ ಅದು ಬಾಳುವುದು ಮೂರರಲ್ಲೊಂದು ಪಾಲು. ರಾತ್ರಿ ಊರು ಮಲಗಿ ಬಳಕೆ ಇಳಿದಾಗ ವೋಲ್ಟೇಜ್ ಮೇಲೇರುತ್ತದೆ. ಬೆಳಗಿನವರೆಗೆ ಉರಿಯುತ್ತಿದ್ದ ದನದ ಕೊಟ್ಟಿಗೆಯ ಬಲ್ಬು, ಬೀದಿಯ ಬಲ್ಬು ಎಲ್ಲಕ್ಕಿಂತ ಮೊದಲು ಹೋಗುತ್ತಿದ್ದದ್ದಕ್ಕೆ ಉರಿಯುವ ಗಂಟೆಗಳ ಜೊತೆಗೆ ಇದೂ ಕಾರಣ.

ಹಾಗಿದ್ದರೆ ಕಡಿಮೆ ವೋಲ್ಟೇಜ್ ಬಲ್ಬಿಗೆ ವರವೇ? ಆಯಸ್ಸಿನ ಮಟ್ಟಿಗೆ ಹೌದು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಬೆಳಗುತ್ತಿರುವ ಬಲ್ಬೊಂದಿದೆ, ಜನ ಅದನ್ನು ನೋಡಲೆಂದೇ ಹೋಗುತ್ತಾರೆ. ಅದು ಇಂದು ಬಳಸುವುದು ಸುಮಾರು 4 ವಾಟ್. ಅದರ ಇಂಗಾಲದ ತಂತಿ ಕೆಂಪಗೆ ಕಾಣುವಷ್ಟೇ ಕಾಯುತ್ತದೆ, ಆದ್ದರಿಂದಲೇ ಇಷ್ಟು ಬಾಳಿದೆ. ಆದರೆ ಅದರ ಕೆಳಗೆ ಕೂತು ಪುಸ್ತಕ ಓದಲಾಗದು. ನಮ್ಮ ಬಲ್ಬಿನ ಲೆಕ್ಕವೂ ಇದೇ. ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಆಯಸ್ಸು ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ, ಬೆಳಕು ಶೇಕಡಾ 30ರಷ್ಟು ಕುಗ್ಗುತ್ತದೆ, ಕರೆಂಟಿನ ಬಳಕೆ ಮಾತ್ರ ಶೇಕಡಾ 15ರಷ್ಟೇ ಇಳಿಯುತ್ತದೆ. ಬಲ್ಬಿನ ದುಡ್ಡು ಉಳಿಯಿತು, ಬೆಳಕಿನ ದುಡ್ಡು ಹೋಯಿತು. ದೊಡ್ಡ ಬಲ್ಬ್ ಕಂಪನಿಗಳು 1920ರ ದಶಕದಲ್ಲಿ ಜಿನೀವಾದಲ್ಲಿ ಫೀಬಸ್ ಎಂಬ ಒಕ್ಕೂಟ ಕಟ್ಟಿ, ಬಲ್ಬುಗಳು ಸಾವಿರ ಗಂಟೆಗಿಂತ ಹೆಚ್ಚು ಬಾಳದಂತೆ ಕಟ್ಟುಪಾಡು ಹಾಕಿಕೊಂಡದ್ದು ಚರಿತ್ರೆ. ಲಾಭಕ್ಕಾಗಿ ಮಾಡಿದ ಆ ಒಪ್ಪಂದವನ್ನು ಸಮರ್ಥಿಸಲಾಗದು. ಆದರೆ ಹೆಚ್ಚು ಬಾಳುವ ಬುರುಡೆ ಬಲ್ಬು ಮಂಕಾಗಿಯೇ ಬೆಳಗುತ್ತದೆ ಎಂಬ ಭೌತವಿಜ್ಞಾನವನ್ನು ಯಾವ ಒಕ್ಕೂಟವೂ ಕಟ್ಟಿದ್ದಲ್ಲ.

ಎಲ್‌ಇಡಿ ಬಂದಮೇಲೆ ಈ ಲೆಕ್ಕ ಬದಲಾಯಿತು. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಕೊಡುವ ಚಿಪ್ಪು ನೇರವಾಗಿ 230 ವೋಲ್ಟನ್ನು ಕಾಣುವುದಿಲ್ಲ. ನಡುವೆ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಒಳ್ಳೆಯ ಡ್ರೈವರ್ ಇದ್ದರೆ 150 ಬಂದರೂ 260 ಬಂದರೂ ಬೆಳಕು ಒಂದೇ ಸಮ. ಲೋ ವೋಲ್ಟೇಜಿನಲ್ಲಿ ಓದುವ ಹಳ್ಳಿಯ ಮಕ್ಕಳಿಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಮಿಣುಕು ದೀಪ ಮತ್ತು ಪಟಪಟ ಹೊಡೆದುಕೊಳ್ಳುವ ಟ್ಯೂಬ್‌ಲೈಟಿನ ಕಾಲ ಮುಗಿಯಿತು. ಆ ಟ್ಯೂಬ್‌ಲೈಟಾದರೋ ಕಡಿಮೆ ವೋಲ್ಟೇಜಿನಲ್ಲಿ ಹೊತ್ತಿಕೊಳ್ಳಲು ಮತ್ತೆ ಮತ್ತೆ ಯತ್ನಿಸಿ, ತುದಿ ಕಪ್ಪಾಗಿ, ಆ ಯತ್ನದಲ್ಲೇ ಸಾಯುತ್ತಿತ್ತು.

ಹಾಗಾದರೆ ಹತ್ತಾರು ಸಾವಿರ ಗಂಟೆ ಬಾಳುತ್ತದೆ ಎಂದು ಡಬ್ಬದ ಮೇಲೆ ಬರೆದ ಎಲ್‌ಇಡಿ ಕೆಲವೊಮ್ಮೆ ಒಂದೇ ವರ್ಷಕ್ಕೆ ಏಕೆ ಹೋಗುತ್ತದೆ? ಆ ಗಂಟೆಗಳು ಹೆಚ್ಚಾಗಿ ಚಿಪ್ಪಿನ ಆಯಸ್ಸು, ಮೊದಲು ಸಾಯುವುದು ಡ್ರೈವರ್. ಡ್ರೈವರಿನಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವವಿದ್ದು, ಬಿಸಿಗೆ ಅದು ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಅಂದಾಜು. ತೀರ ಅಗ್ಗದ ಬಲ್ಬುಗಳಲ್ಲಿ ನಿಜವಾದ ಡ್ರೈವರೇ ಇರುವುದಿಲ್ಲ. ಎಲ್‌ಇಡಿಗಳ ತಟ್ಟೆಯ ಮೇಲೆಯೇ ಒಂದು ಸಣ್ಣ ಐಸಿ ಕೂತಿರುತ್ತದೆ, ಬಂದ ಹೆಚ್ಚುವರಿ ವೋಲ್ಟೇಜನ್ನು ಅದು ಬಿಸಿಯಾಗಿ ಸುಟ್ಟು ಕಳೆಯುತ್ತದೆ. 250 ವೋಲ್ಟಿನ ಮನೆಯಲ್ಲಿ ಅಂಥ ಬಲ್ಬಿನ ಬಾಳು ಗಿಡ್ಡವಾಗಲೇಬೇಕು. ಗಾಳಿಯಾಡದ ಗಾಜಿನ ಗುಂಡಿನೊಳಗೆ ಹಾಕಿದರಂತೂ ಇನ್ನೂ ಬೇಗ. ಕೊಳ್ಳುವಾಗ ಡಬ್ಬದ ಮೇಲೆ ವೋಲ್ಟೇಜಿನ ವ್ಯಾಪ್ತಿ ನೋಡಿ. 100ರಿಂದ 300 ಎಂದಿದ್ದರೆ ನಮ್ಮ ಲೈನಿಗೆ ಒಗ್ಗುತ್ತದೆ. ಎಷ್ಟು ಕಿಲೋವೋಲ್ಟ್ ಸರ್ಜ್ ತಾಳುತ್ತದೆ ಎಂದೂ ಬರೆದಿದ್ದರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಲೈನಿನ ಮೇಲೆ ಹರಿದುಬರುವ ಕ್ಷಣಮಾತ್ರದ ಸಾವಿರಾರು ವೋಲ್ಟುಗಳು ಎಲ್‌ಇಡಿ, ಟಿವಿ, ವೈಫೈ ರೂಟರುಗಳ ಮೊದಲ ಶತ್ರು. ಸಿಡಿಲು ಹತ್ತಿರವಾಗುವ ಮೊದಲೇ ಪ್ಲಗ್ ಕಿತ್ತಿಡುವ ಮಲೆನಾಡಿನವರ ರೂಢಿಗಿಂತ ಒಳ್ಳೆಯ ಉಪಾಯ ಇಲ್ಲ.

ಮೋಟರಿನ ವಿಷಯ ಇದಕ್ಕೆ ತದ್ವಿರುದ್ಧ. ಅದಕ್ಕೆ ಕಡಿಮೆ ವೋಲ್ಟೇಜೇ ಹೆಚ್ಚು ಅಪಾಯ. ಫ್ರಿಜ್ಜಿನ ಕಂಪ್ರೆಸರಿನಲ್ಲಿರುವಂಥ ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230ರ ಬದಲು 180 ಬಂದರೆ ಬಲ ಶೇಕಡಾ 61ಕ್ಕೆ ಇಳಿಯುತ್ತದೆ. ಓಡುತ್ತಿರುವ ಮೋಟರ್ ಹೇಗೋ ಓಡುತ್ತದೆ, ಆದರೆ ಅಷ್ಟೇ ಕೆಲಸ ಮಾಡಲು ಹೆಚ್ಚು ಕರೆಂಟು ಎಳೆದುಕೊಂಡು ಕಾಯುತ್ತದೆ. ನಿಂತಿರುವ ಮೋಟರ್ ಹೊರಡುವುದೇ ಇಲ್ಲ. ಫ್ರಿಜ್ಜಿನ ಹಿಂದೆ ಗುಂಯ್ ಎಂಬ ಸದ್ದು, ಕೆಲವು ಸೆಕೆಂಡಿಗೆ ಟಕ್ ಎಂದು ನಿಲ್ಲುವುದು, ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಗುಂಯ್: ಕೊನೆಯ ಕಂಬದ ಮನೆಯವರಿಗೆ ಈ ಸದ್ದಿನ ಪರಿಚಯ ಚೆನ್ನಾಗಿದೆ. ತಿರುಗದೆ ನಿಂತ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಹುಟ್ಟುವುದರಿಂದ ಸುರುಳಿಯಲ್ಲಿ ಹುಟ್ಟುವ ಕಾವು 25 ಪಟ್ಟು ದಾಟುತ್ತದೆ. ಒಳಗಿನ ಓವರ್‌ಲೋಡ್ ರಕ್ಷಕ ಕಡಿದು ಕಾಪಾಡುತ್ತದೆ ನಿಜ, ಆದರೆ ಪ್ರತಿ ಸಲವೂ ತಾಮ್ರದ ತಂತಿಯ ಮೇಲಿನ ಎನಾಮಲ್ ಲೇಪ ಸ್ವಲ್ಪ ಸ್ವಲ್ಪ ಹುರಿದುಹೋಗುತ್ತದೆ. ಒಂದು ದಿನ ಎರಡು ಸುತ್ತುಗಳು ಒಂದಕ್ಕೊಂದು ತಾಗುತ್ತವೆ. ಅಂದಿಗೆ ಕಂಪ್ರೆಸರ್ ಮುಗಿಯಿತು. ಅದು ಸುಟ್ಟದ್ದು ಆ ದಿನವಲ್ಲ, ಅದಕ್ಕೂ ಹಿಂದಿನ ಎಷ್ಟೋ ಸಂಜೆಗಳಲ್ಲಿ.

ಕರೆಂಟು ಹೋಗಿ ತಕ್ಷಣ ಬಂದಾಗಲೂ ಫ್ರಿಜ್ಜಿಗೆ ಇದೇ ಕಷ್ಟ. ಕಂಪ್ರೆಸರ್ ನಿಂತ ಮೇಲೆ ಅದರ ಎರಡು ಬದಿಯ ಅನಿಲದ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು. ಅದಕ್ಕೆ ಮೊದಲೇ ಹೊರಡಿಸಿದರೆ ಒತ್ತಡದ ಎದುರು ಮೋಟರ್ ತಿಣುಕುತ್ತದೆ. ಮೂರು ನಿಮಿಷವಾದರೂ ಬಿಟ್ಟು ಫ್ರಿಜ್ ಹಾಕುವ ರೂಢಿಯಿಂದ ಕಂಪ್ರೆಸರಿನ ಬಾಳು ಉದ್ದವಾಗುತ್ತದೆ. ಹೊಸ ಇನ್ವರ್ಟರ್ ಫ್ರಿಜ್ಜುಗಳು ಇಂಥ ಏರಿಳಿತವನ್ನು ಎಷ್ಟೋ ಹೆಚ್ಚು ತಾಳುತ್ತವೆ, ಆದರೆ ಅವುಗಳ ಎಲೆಕ್ಟ್ರಾನಿಕ್ ಬೋರ್ಡಿಗೆ ಸಿಡಿಲಿನ ಭಯ ಹೆಚ್ಚು.

ಸೀಲಿಂಗ್ ಫ್ಯಾನಿಗೆ ಲೋ ವೋಲ್ಟೇಜ್ ಅಷ್ಟು ಕೆಡುಕಲ್ಲ. ನಿಧಾನ ತಿರುಗಿದರೆ ಗಾಳಿಯ ಹೊರೆಯೂ ಕಡಿಮೆಯಾಗುತ್ತದೆ. 250 ವೋಲ್ಟಿನ ಮನೆಯಲ್ಲಿ ಮಾತ್ರ ಅದರ ಕಂಡೆನ್ಸರ್ ಬೇಗ ಸೋಲುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆಗಳು ಕಡಿಮೆ ವೋಲ್ಟೇಜಿನಲ್ಲಿ ಹಾಳಾಗುವುದಿಲ್ಲ, ತಡ ಮಾಡುತ್ತವೆ ಅಷ್ಟೆ. 2,000 ವಾಟಿನ ಗೀಸರ್ 190 ವೋಲ್ಟಿನಲ್ಲಿ ಕೊಡುವುದು 1,365 ವಾಟ್. ಅಮೆರಿಕದಿಂದ ಮಕ್ಕಳು ತಂದ 120 ವೋಲ್ಟಿನ ಇಸ್ತ್ರಿಪೆಟ್ಟಿಗೆಯನ್ನು ಇಲ್ಲಿ ನೇರವಾಗಿ ಹಾಕಿದರೆ ಅದಕ್ಕೆ ನುಗ್ಗುವ ಶಕ್ತಿ ಮೂರೂವರೆ ಪಟ್ಟಿಗೂ ಹೆಚ್ಚು. ಅದು ಒಂದು ಬಟ್ಟೆಯ ಕೆಲಸವನ್ನೂ ಮುಗಿಸದು.

ಸ್ಟೆಬಿಲೈಸರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ನಾವು ಎಲ್ಲ ರೋಗಕ್ಕೂ ಮದ್ದು ಎಂದುಕೊಂಡಿದ್ದೇವೆ. ಹಳೆಯ ಫ್ರಿಜ್ಜಿಗೆ, ಏಸಿಗೆ ಅದು ಬೇಕು. ವೋಲ್ಟೇಜ್ ತೀರ ಇಳಿದಾಗ ಅಥವಾ ಏರಿದಾಗ ಕಡಿದುಹಾಕುವ, ಕರೆಂಟು ಬಂದಮೇಲೆ ಕೆಲವು ನಿಮಿಷ ಕಾಯುವ ಸೌಲಭ್ಯ ಇರುವಂಥದ್ದೇ ಬೇಕು. ಆದರೆ ಸ್ಟೆಬಿಲೈಸರ್ ವೋಲ್ಟೇಜನ್ನು ಎಲ್ಲಿಂದಲೋ ಹುಟ್ಟಿಸುವುದಿಲ್ಲ. 170 ಬಂದದ್ದನ್ನು 220 ಮಾಡಿ ಕೊಡಲು ಲೈನಿನಿಂದ ಸುಮಾರು ಶೇಕಡಾ 30ರಷ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಆ ಹೆಚ್ಚುವರಿ ಕರೆಂಟು ಅದೇ ತೆಳ್ಳಗಿನ ತಂತಿಯಲ್ಲಿ ಹರಿದು, ಪಕ್ಕದ ಮನೆಯ ವೋಲ್ಟೇಜನ್ನು ಇನ್ನಷ್ಟು ಇಳಿಸುತ್ತದೆ. ಅವರೂ ಸ್ಟೆಬಿಲೈಸರ್ ತರುತ್ತಾರೆ. ಬತ್ತುತ್ತಿರುವ ಅಂತರ್ಜಲಕ್ಕೆ ಒಬ್ಬರಿಗಿಂತ ಒಬ್ಬರು ಆಳಕ್ಕೆ ಬೋರ್ ಕೊರೆಸಿದಂತೆಯೇ ಇದು. ಮನೆಮನೆಯವರೂ ಸಾವಿರಾರು ರೂಪಾಯಿ ಸುರಿದು ಡಬ್ಬಿ ಕೊಳ್ಳುವ ಬದಲು ಆ ಲೈನಿಗೆ ಇನ್ನೊಂದು ಟಿಸಿ ಬಂದರೆ ಎಲ್ಲರ ಮನೆಯೂ ಸರಿಹೋಗುತ್ತದೆ.

ಇವೆಲ್ಲಕ್ಕಿಂತ ಭೀಕರವಾದದ್ದು ನ್ಯೂಟ್ರಲ್ ತುಂಡಾಗುವುದು. ಮೂರು ಫೇಸಿನ ಲೈನಿನಲ್ಲಿ ಎಲ್ಲ ಮನೆಗಳ ಕರೆಂಟು ಹಿಂದಿರುಗುವ ತಂತಿ ನ್ಯೂಟ್ರಲ್. ತೆಂಗಿನ ಗರಿ ಬಿದ್ದೋ, ಜಾಯಿಂಟ್ ಸಡಿಲವಾಗಿಯೋ ಅದು ಕಡಿದರೆ, ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೊಂದು ಸೇರಿಕೊಂಡಂತಾಗಿ, ಎರಡು ಫೇಸುಗಳ ನಡುವಿನ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಆ ಹಂಚಿಕೆ ಸಮನಾಗಿರುವುದಿಲ್ಲ. ಹೆಚ್ಚು ವಸ್ತು ಹಾಕಿದ ಮನೆಗೆ ಕಡಿಮೆ, ಒಂದು ಟಿವಿ, ಎರಡು ಲೈಟು ಮಾತ್ರ ಇರುವ ಮನೆಗೆ 300, 350 ಕೂಡ ಬರಬಹುದು. ಒಂದು ಬೀದಿಯ ಹತ್ತಾರು ಮನೆಗಳ ಟಿವಿ, ಫ್ರಿಜ್ಜುಗಳು ಒಂದೇ ಹೊತ್ತಿನಲ್ಲಿ ಸುಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಬಹುಪಾಲು ಕಾರಣ ಇದೇ. ಇದಕ್ಕೆ ಮುನ್ಸೂಚನೆ ಇರುತ್ತದೆ: ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗುವುದು, ಲೈಟು ಕಣ್ಣು ಕುಕ್ಕುವಂತೆ ಬೆಳಗುವುದು, ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಮಂಕಾಗುವುದು. ಹೀಗಾದ ಕೂಡಲೇ ಒಂದೊಂದೇ ಸ್ವಿಚ್ ಆರಿಸುತ್ತ ನಿಲ್ಲಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, 1912ಕ್ಕೆ ಕರೆ ಮಾಡಿ. ಕಂಬ ಹತ್ತುವ, ತಂತಿ ಮುಟ್ಟುವ ಕೆಲಸ ನಿಮ್ಮದಲ್ಲ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಕಡಿಯುವ ರಕ್ಷಕವನ್ನು ಮೀಟರಿನ ನಂತರ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿಕೊಳ್ಳಬಹುದು. ಒಂದು ಟಿವಿಯ ಬೆಲೆಯ ಮುಂದೆ ಅದರ ಖರ್ಚು ತೀರ ಸಣ್ಣದು.

ಇತ್ತೀಚೆಗೆ ಸೇರಿರುವ ಹೊಸ ಕಾರಣ ಚಾವಣಿಯ ಸೋಲಾರ್. ಲೈನಿಗೆ ಜೋಡಿಸಿದ ಸೋಲಾರ್ ಮಧ್ಯಾಹ್ನ ಕರೆಂಟು ಹೊರಗೆ ತಳ್ಳುವಾಗ ಆ ಜಾಗದ ವೋಲ್ಟೇಜ್ ಏರುತ್ತದೆ. ಒಂದೇ ತೆಳ್ಳಗಿನ ಲೈನಿನಲ್ಲಿ ಹಲವು ಮನೆಗಳು ಹೀಗೆ ಮಾಡಿದರೆ ನಡುಹಗಲಿನಲ್ಲಿ ಹೆಚ್ಚು, ಸಂಜೆ ಕಡಿಮೆ ಎಂಬ ಎರಡು ತೊಂದರೆಯೂ ಅದೇ ಮನೆಗೆ ಬರುತ್ತವೆ. ಸೋಲಾರ್ ಬೇಕು, ಅದರ ಜೊತೆಗೆ ದಪ್ಪ ತಂತಿಯೂ ಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಅಳೆಯಿರಿ. ಪ್ಲಗ್ಗಿಗೆ ಸಿಕ್ಕಿಸಿದರೆ ವೋಲ್ಟೇಜ್ ತೋರಿಸುವ ಸಣ್ಣ ಮೀಟರುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಮನೆಯ ಕೆಲವು ಡಿಜಿಟಲ್ ಮೀಟರುಗಳಲ್ಲೂ ಅಂಕಿಗಳು ಸರದಿಯಲ್ಲಿ ಬರುವಾಗ ವೋಲ್ಟೇಜ್ ಕಾಣುತ್ತದೆ. ಬೆಳಗಿನ ಸ್ನಾನದ ಹೊತ್ತು, ನಡುಹಗಲು, ಸಂಜೆ ದೀಪ ಹಚ್ಚುವ ಹೊತ್ತು, ತಡರಾತ್ರಿ, ಈ ನಾಲ್ಕೂ ಹೊತ್ತಿನ ಅಂಕಿಯನ್ನು ಒಂದು ವಾರ ಬರೆದಿಡಿ. ನಿಮ್ಮ ಮನೆಯಲ್ಲಿ ಮಾತ್ರ ಕಡಿಮೆಯಿದ್ದು ಪಕ್ಕದ ಮನೆಯಲ್ಲಿ ಸರಿಯಿದ್ದರೆ ದೋಷ ಸರ್ವಿಸ್ ವೈರಿನಲ್ಲೋ ಒಳಗಿನ ಜಾಯಿಂಟಿನಲ್ಲೋ ಇರುತ್ತದೆ. ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ವೋಲ್ಟೇಜ್ ಧಡಕ್ಕನೆ ಇಳಿದರೆ ಅದು ಬೆಂಕಿಯ ಅಪಾಯವೂ ಹೌದು, ತಕ್ಷಣ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಇಡೀ ಬೀದಿಗೆ ಹೀಗಿದ್ದರೆ ಅದು ವಿದ್ಯುತ್ ಕಂಪನಿ ಸರಿಪಡಿಸಬೇಕಾದ ವಿಷಯ.

ಅವರು ಮಾಡಬಹುದಾದದ್ದು ಬಹಳ ಇದೆ. ಎಲ್ಲ ಮನೆಗಳನ್ನು ಒಂದೇ ಫೇಸಿಗೆ ಹೇರಿದ್ದರೆ ಮೂರಕ್ಕೆ ಹಂಚುವುದಕ್ಕೆ ಖರ್ಚೇ ಇಲ್ಲವೆನ್ನಬಹುದು. ಟ್ಯಾಪ್ ಇರುವ ಟಿಸಿಗಳಲ್ಲಿ ಅದನ್ನು ಬದಲಿಸಿ ವೋಲ್ಟೇಜ್ ಏರಿಸಲೂ ಇಳಿಸಲೂ ಬರುತ್ತದೆ. ತಂತಿ ದಪ್ಪ ಮಾಡುವುದು, 11,000 ವೋಲ್ಟಿನ ಲೈನನ್ನು ಮನೆಗಳ ಹತ್ತಿರಕ್ಕೆ ತಂದು ಇನ್ನೊಂದು ಚಿಕ್ಕ ಟಿಸಿ ನಿಲ್ಲಿಸುವುದು ಶಾಶ್ವತ ಪರಿಹಾರ. ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಪಂಪ್‌ಸೆಟ್ಟುಗಳ ಲೈನನ್ನು ಊರಿನ ಲೈನಿನಿಂದ ಬೇರ್ಪಡಿಸಿದ ಕಡೆಗಳಲ್ಲಿ ಮನೆಗಳ ಕರೆಂಟು ಸುಧಾರಿಸಿದ್ದನ್ನು ಜನ ಕಂಡಿದ್ದಾರೆ. ಲೈನ್ ಸರಿಮಾಡಿದರೆ ಮನೆ ಸರಿಯಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಆದರೆ ಲೈನ್‌ಮನ್ ಸಿಕ್ಕಾಗ ಬಾಯಿಮಾತಿನಲ್ಲಿ ಹೇಳಿದ ದೂರು ಯಾವ ಕಡತಕ್ಕೂ ಸೇರುವುದಿಲ್ಲ. ನಿಮ್ಮ ಆರ್.ಆರ್. ನಂಬರ್, ಟಿಸಿ ಇರುವ ಜಾಗ, ವಾರದ ಅಂಕಿಗಳನ್ನು ಬರೆದು, ಅದೇ ಲೈನಿನ ಐದಾರು ಮನೆಯವರ ಸಹಿ ಹಾಕಿಸಿ, ಸೆಕ್ಷನ್ ಆಫೀಸಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಇವರ ಮುಂದೆ ನಿಲ್ಲಲು ವಕೀಲರೇ ಬೇಕೆಂದಿಲ್ಲ. ದೂರಿನಲ್ಲಿ 216 ಮತ್ತು 244 ಎಂಬ ಎರಡು ಅಂಕಿಗಳನ್ನು ಬರೆಯಲು ಮಾತ್ರ ಮರೆಯಬೇಡಿ.